ಪಕ್ಕದ ಅಜ್ಜನಿಗೆ ಮೂರು ಮೀನು, ನಮಗೆ ಬರೀ ಕಲ್ಲು: ಕೀನೈ ನದಿಯಲ್ಲಿ ಎಡವಿದ್ದೆಲ್ಲಿ?

ಪ್ರಶ್ನೆ: ನಾವು ಮೂವರು ಗೆಳೆಯರು, ಸಿಯಾಟಲ್ ಕಡೆ ಕೆಲಸ ಮಾಡುವವರು. ಕಳೆದ ಜುಲೈ ಕೊನೆಯಲ್ಲಿ ಅಲಾಸ್ಕಾದ ಕೀನೈ ನದಿಗೆ ನಾಲ್ಕು ದಿನ ಹೋಗಿದ್ದೆವು. ಗೈಡ್ ಇಟ್ಟುಕೊಳ್ಳಲಿಲ್ಲ. ಎರಡು ದಿನ ಸೊಲ್ಡಾಟ್ನಾ ಊರಿನ ಪಾರ್ಕಿನಲ್ಲಿ, ಎರಡು ದಿನ ರಷ್ಯನ್ ರಿವರ್ ಬಂದು ಸೇರುವ ಕಡೆ. ನೀರು ನೀಲಿ ಪೇಂಟ್ ಕಲಸಿದ ಹಾಗಿತ್ತು. ಮೂವರಿಗೂ ಸೇರಿ ಸಿಕ್ಕಿದ್ದು ಒಂದೇ ಸಾಕೈ ಸಾಲ್ಮನ್. ಅದೂ ಬೆನ್ನಿಗೆ ಕೊಕ್ಕೆ ಚುಚ್ಚಿಕೊಂಡದ್ದು, ಬಿಟ್ಟುಬಿಟ್ಟೆವು. ಪಕ್ಕದಲ್ಲಿದ್ದ ಅಜ್ಜ ಒಂದು ಗಂಟೆಯಲ್ಲಿ ಮೂರು ಹಿಡಿದು ಮನೆಗೆ ಹೋದರು! ಆ ನೀರಿನಲ್ಲಿ ಮೀನಿಗೆ ನಮ್ಮ ಫ್ಲೈ, ಅಂದರೆ ಹುಳದ ಹಾಗೆ ಕಟ್ಟಿದ ಕೊಕ್ಕೆ, ಕಾಣುತ್ತದಾ? ಅಲ್ಲಿ ಎಲ್ಲರೂ ಮಾಡುವುದು ಬರೀ ಎಳೆದು ಚುಚ್ಚುವ ಮೋಸ ಅಂತ ಒಬ್ಬ ಗೆಳೆಯ ಹೇಳುತ್ತಾನೆ. ಕೊನೆಯ ದಿನ ಒಂದು ದೊಡ್ಡ ರೇನ್‌ಬೋ ಟ್ರೌಟ್ ಬಿತ್ತು. ಫೋಟೋ ತೆಗೆದು ಬಿಟ್ಟೆವು, ಅದು ಹೊಟ್ಟೆ ಮೇಲಾಗಿ ತೇಲಿ ಹೋಯಿತು. ಅದನ್ನು ನೋಡಿ ನನ್ನ ಹೆಂಡತಿ, 'ತಿನ್ನುವುದಕ್ಕಾದರೆ ಸರಿ, ಆಟಕ್ಕೆ ಯಾಕೆ ಹಿಂಸೆ?' ಅಂದಳು. ಇದರ ಮಧ್ಯೆ ನಾನು ಸೊಂಟದ ಮಟ್ಟದ ನೀರಿನಲ್ಲಿ ಜಾರಿಬಿದ್ದೆ. ವೇಡರ್ (ಎದೆವರೆಗೆ ಬರುವ, ನೀರು ಹಿಡಿಯದ ಪ್ಯಾಂಟು) ಒಳಗೆ ನೀರು ತುಂಬಿದರೆ ಕಲ್ಲಿನ ಹಾಗೆ ಮುಳುಗುತ್ತೇವೆ ಅಂತ ಆಮೇಲೆ ಯಾರೋ ಹೇಳಿದರು. ಚಿಕ್ಕವನಿದ್ದಾಗ ಅಪ್ಪನ ಜೊತೆ ಭೀಮೇಶ್ವರಿಯಲ್ಲಿ ಕಾವೇರಿ ದಡದಲ್ಲಿ ಗಾಳ ಹಾಕುವುದನ್ನು ನೋಡಿದ್ದೇನೆ. ಅದನ್ನೇ ನಂಬಿಕೊಂಡು ದೂರ ದೂರ ಎಸೆದೆವು. ಈ ವರ್ಷ ಮತ್ತೆ ಹೋಗುವ ಆಸೆ. ಯಾವಾಗ ಹೋಗಬೇಕು, ಏನು ಬದಲಾಯಿಸಬೇಕು? ಕಿಂಗ್ ಸಾಲ್ಮನ್ ಹಿಡಿಯಬಹುದಾ? ಅಂದ ಹಾಗೆ, ಜಾರಬಾರದು ಅಂತ ಫೆಲ್ಟ್ (ಒತ್ತಿದ ಉಣ್ಣೆಯಂಥ ದಪ್ಪ ಬಟ್ಟೆ) ಅಡಿಯ ಬೂಟು ತೆಗೆದಿಟ್ಟಿದ್ದೇನೆ.

ಉತ್ತರ: ನಿಮ್ಮ ಪತ್ರ ಓದುತ್ತಾ ನಗು ಬಂತು, ಮರುಕ್ಷಣ ಭಯವೂ ಆಯಿತು. ನಗು ಯಾಕೆ ಅಂದರೆ ನನ್ನ ಮೊದಲ ಬೇಸಿಗೆಯೂ ಹೀಗೇ ಇತ್ತು. ನಾನು ಮೀನುಗಾರಿಕೆ ಓದಿದವನು. ಆ ನದಿಯ ದಡದಲ್ಲಿ 11 ಬೇಸಿಗೆ ಕಳೆದಿದ್ದೇನೆ. ಮೊದಲು ಮೀನು ಎಣಿಸುವ ಕೆಲಸ, ಆಮೇಲೆ ದೋಣಿಯಲ್ಲಿ ಜನರನ್ನು ಕರೆದುಕೊಂಡು ಹೋಗುವ ಕೆಲಸ. ಓದಿದ್ದೆಲ್ಲ ತಲೆಯಲ್ಲಿದ್ದರೂ ಮೊದಲ ಹತ್ತು ದಿನ ಒಂದೇ ಒಂದು ಸಾಕೈ ಹಿಡಿಯಲಾಗಲಿಲ್ಲ. ಭಯ ಯಾಕೆ ಅಂದರೆ ನೀವು 'ಸೊಂಟದ ಮಟ್ಟದ ನೀರು' ಅಂತ ಬರೆದಿದ್ದೀರಿ. ನಿಮಗೆ ಮೀನು ಸಿಗದೆ ಹೋದದ್ದಕ್ಕೂ, ಜಾರಿಬಿದ್ದದ್ದಕ್ಕೂ ಕಾರಣ ಆ ಒಂದೇ ಮಾತಿನಲ್ಲಿದೆ. ನೀವು ನಿಂತದ್ದು ಮೀನು ಓಡಾಡುವ ದಾರಿಯ ಆಚೆ.

ಮೊದಲು ನೀರಿನ ಬಣ್ಣದ ವಿಷಯ ಮುಗಿಸೋಣ. ಹಿಮನದಿ ಅಂದರೆ ಬೆಟ್ಟದ ಮೇಲೆ ಕೂತ ದೊಡ್ಡ ಬೀಸುವ ಕಲ್ಲು. ಅದು ಒಂದೊಂದೇ ಅಂಗುಲ ಜರುಗುತ್ತಾ ಕೆಳಗಿನ ಬಂಡೆಯನ್ನು ಅರೆಯುತ್ತದೆ. ಅಜ್ಜಿ ರಾಗಿ ಬೀಸಿದಾಗ ಬರುವ ಹಿಟ್ಟಿಗಿಂತಲೂ ಎಷ್ಟೋ ನುಣ್ಣಗಿನ ಕಲ್ಲಿನ ಹಿಟ್ಟು ಬರುತ್ತದೆ. ಕರಗಿದ ನೀರು ಅದನ್ನು ಹೊತ್ತು ತರುತ್ತದೆ. ಕೀನೈ ಸುಮಾರು 82 ಮೈಲಿಯ ನದಿ. ಕೀನೈ ಸರೋವರದಲ್ಲಿ ಹುಟ್ಟಿ, ನಡುವೆ ಸ್ಕೀಲ್ಯಾಕ್ ಸರೋವರ ಹೊಕ್ಕು ಹೊರಟು, ಕುಕ್ ಕೊಲ್ಲಿಯಲ್ಲಿ ಸಮುದ್ರ ಸೇರುತ್ತದೆ. ಈ ಎರಡು ಸರೋವರಗಳು ಜರಡಿ ಇದ್ದ ಹಾಗೆ. ದಪ್ಪ ಹಿಟ್ಟು ಅಲ್ಲೇ ತಳಕ್ಕೆ ಕೂರುತ್ತದೆ. ಅತಿ ಸಣ್ಣದು ಮಾತ್ರ ನೀರಿನಲ್ಲಿ ತೇಲುತ್ತಾ ಬಿಸಿಲನ್ನು ಚೆದುರಿಸುತ್ತದೆ. ಆ ನೀಲಿ ಹಸಿರು ಬಂದದ್ದು ಹೀಗೆ. ಅಲ್ಲೇ ಹತ್ತಿರದ ಕಸೀಲಾಫ್ ನದಿ ನೋಡಿದರೆ ಹಾಲು ಬೆರೆಸಿದ ಹಾಗಿರುತ್ತದೆ. ಅದಕ್ಕೆ ಹೋಲಿಸಿದರೆ ಕೀನೈ ಕನ್ನಡಿ. ನೀವು ನಿಂತಿದ್ದ ಕಡೆ ಸೇರುವ ರಷ್ಯನ್ ರಿವರ್ ಮಾತ್ರ ಹಿಮನದಿಯ ನೀರಲ್ಲ, ತಿಳಿನೀರು. ಸೇರುವ ಜಾಗದಲ್ಲಿ ಎರಡು ಬಣ್ಣ ಪಕ್ಕಪಕ್ಕದಲ್ಲಿ ಹರಿಯುವುದನ್ನು ನೀವೂ ನೋಡಿರಬೇಕು.

ಈ ನೀರಿನಲ್ಲಿ ಮೀನಿಗೆ ಕಾಣುತ್ತದಾ? ಕಾಣುತ್ತದೆ, ಆದರೆ ಕೆಲವೇ ಅಡಿ. ಟ್ರೌಟ್‌ಗೆ ಅಷ್ಟು ಸಾಕು, ಅದು ತನ್ನ ಮೂಗಿನ ಮುಂದೆ ಬಂದದ್ದನ್ನು ತಿನ್ನುವ ಪ್ರಾಣಿ. ಆದ್ದರಿಂದ ಫ್ಲೈ ಅದರ ದಾರಿಯಲ್ಲೇ, ಅದರ ಎತ್ತರದಲ್ಲೇ ಬರಬೇಕು. ಇನ್ನು ನಿಮ್ಮ ಸಾಕೈಗೆ ಫ್ಲೈ ಕಂಡರೆಷ್ಟು, ಬಿಟ್ಟರೆಷ್ಟು? ಅದಕ್ಕೆ ಹಸಿವೇ ಇಲ್ಲ.

ಇಲ್ಲಿಂದಲೇ ಎಲ್ಲರ ಎಡವಟ್ಟು ಶುರುವಾಗುವುದು. ಸಾಕೈ ಸಮುದ್ರದಲ್ಲಿ ಮುಖ್ಯವಾಗಿ ಸಣ್ಣ ಸಣ್ಣ ತೇಲುಜೀವಿಗಳನ್ನು ಸೋಸಿ ತಿಂದು ಬೆಳೆಯುತ್ತದೆ. ಸಿಹಿನೀರಿಗೆ ಬಂದ ಮೇಲೆ ತಿನ್ನುವುದನ್ನೇ ನಿಲ್ಲಿಸುತ್ತದೆ. ಮೈಯಲ್ಲಿ ಕೂಡಿಟ್ಟ ಕೊಬ್ಬೇ ಬುತ್ತಿ. ಆ ಬುತ್ತಿ ಮುಗಿಯುವುದರೊಳಗೆ ಹುಟ್ಟಿದ ಜಾಗದ ವಾಸನೆ ಹಿಡಿದು ಮೇಲಕ್ಕೆ ಹೋಗಬೇಕು, ಮೊಟ್ಟೆ ಇಡಬೇಕು, ಸಾಯಬೇಕು. ಹಾಗಿರುವಾಗ ಅದು ನದಿಯ ನಡುವಿನ ಜೋರು ಸೆಳವಿನಲ್ಲಿ ಯಾಕೆ ಈಜುತ್ತದೆ? ಹಳ್ಳಿಯ ಹೆಂಗಸರು ಮಳೆಗಾಲದಲ್ಲಿ ಹಳ್ಳ ದಾಟುವಾಗ ನೀರು ನಿಧಾನ ಇರುವ ಕಡೆ ಹುಡುಕುವುದಿಲ್ಲವಾ, ಇದೂ ಹಾಗೆ. ದಡದ ಪಕ್ಕ, ನೆಲಕ್ಕೆ ಹತ್ತಿರ, ಮೊಣಕಾಲುದ್ದದ ನೀರಿನಲ್ಲಿ ಸಾಲುಗಟ್ಟಿ ಹೋಗುತ್ತದೆ. ನೀರು ಮಬ್ಬಾಗಿದ್ದರೆ ಇನ್ನೂ ಧೈರ್ಯ, ಇನ್ನೂ ಅಂಚಿಗೆ. ಹೆಚ್ಚು ಕಡೆ ದಡದಿಂದ 10–15 ಅಡಿಯೊಳಗೇ ಅದರ ದಾರಿ.

ನೀವು ಆ ದಾರಿಯನ್ನು ದಾಟಿ ಸೊಂಟದ ನೀರಿಗೆ ಹೋದಿರಿ. ಅಲ್ಲಿಂದ ಇನ್ನೂ ಆಚೆಗೆ ಎಸೆದಿರಿ. ಮೀನು ನಿಮ್ಮ ಬೆನ್ನ ಹಿಂದೆ ಹಾದು ಹೋಗುತ್ತಿತ್ತು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದ ಕಥೆ. ಆ ಅಜ್ಜ ಎಲ್ಲಿ ನಿಂತಿದ್ದರು ನೆನಪಿಸಿಕೊಳ್ಳಿ. ಬಹುಶಃ ಅವರ ಬೂಟು ಪೂರ್ತಿ ಒದ್ದೆಯಾಗಿರಲಿಲ್ಲ.

ಭೀಮೇಶ್ವರಿಯ ಪಾಠ ಇಲ್ಲಿ ನಡೆಯುವುದಿಲ್ಲ. ಕಾವೇರಿಯಲ್ಲಿ ಬಿಳಿಮೀನಿಗೆ, ಅಂದರೆ ಮಹಶೀರ್‌ಗೆ, ರಾಗಿ ಹಿಟ್ಟಿನ ಮುದ್ದೆ ಕಟ್ಟಿ ಸೆಳವಿನ ಮಧ್ಯದ ಬಂಡೆ ಸಂದಿಗೆ ಎಸೆದು ಕಾಯುತ್ತಿದ್ದರು. ಅದು ತಿನ್ನುವ ಮೀನು, ಮಡುವಿನಲ್ಲಿ ಮನೆ ಮಾಡಿಕೊಂಡ ಮೀನು. ಸಾಕೈ ದಾರಿಹೋಕ. ದಾರಿಹೋಕನನ್ನು ಹಿಡಿಯಬೇಕಾದರೆ ರಸ್ತೆಯ ಪಕ್ಕ ನಿಲ್ಲಬೇಕು. (ಕಾವೇರಿಯ ಆ ದೊಡ್ಡ ಬಿಳಿಮೀನು ಈಗ ಅಳಿವಿನ ಅಂಚಿನಲ್ಲಿದೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡಿನದನ್ನು ಹಿಡಿದಿದ್ದರು. ಅಂಥದ್ದನ್ನು ಈಗ ಫೋಟೋದಲ್ಲಿ ಮಾತ್ರ ನೋಡಬೇಕು.)

ಈಗ ನಿಮ್ಮ ಗೆಳೆಯನ ಆರೋಪ. ಅರ್ಧ ಸರಿ, ಅರ್ಧ ತಪ್ಪು. ತಿನ್ನದ ಮೀನಿನ ಬಾಯಿಗೆ ಕೊಕ್ಕೆ ಹೇಗೆ ಸಿಗುತ್ತದೆ? ಸಾಕೈ ಮೇಲಕ್ಕೆ ಈಜುವಾಗ ಬಾಯಿ ತೆರೆದು ಮುಚ್ಚುತ್ತಿರುತ್ತದೆ, ಉಸಿರಾಟಕ್ಕೆ. ನಿಮ್ಮ ದಾರ ಸೆಳವಿನ ಜೊತೆ ಅಡ್ಡಲಾಗಿ ಬಂದು ಆ ತೆರೆದ ಬಾಯೊಳಗೆ ಹಾಯುತ್ತದೆ. ದಾರ ಜಾರುತ್ತಾ ಹೋಗಿ ಕೊನೆಗೆ ಕೊಕ್ಕೆ ಬಾಯಿಯ ಮೂಲೆಗೆ ಹೊರಗಿನಿಂದ ಕಚ್ಚಿಕೊಳ್ಳುತ್ತದೆ. ಅಲ್ಲಿಯವರು ಇದಕ್ಕೆ 'ಫ್ಲಾಸಿಂಗ್' ಅನ್ನುತ್ತಾರೆ, ಹಲ್ಲು ಸಂದಿಯಲ್ಲಿ ದಾರ ಎಳೆದ ಹಾಗೆ. ಅಪರೂಪಕ್ಕೆ ಒಂದು ಸಾಕೈ ಸಿಟ್ಟಿಗೋ ಅಭ್ಯಾಸಬಲಕ್ಕೋ ನಿಜವಾಗಿ ಕಚ್ಚುತ್ತದೆ. ಆದರೆ ಕೀನೈ ದಡದಲ್ಲಿ ಮೇಲೆ ಬರುವ ಸಾಕೈಗಳಲ್ಲಿ ಹೆಚ್ಚಿನವು ಕಚ್ಚಿದವಲ್ಲ. 'ನನ್ನ ಫ್ಲೈ ಬಣ್ಣ ಚೆನ್ನಾಗಿತ್ತು, ಅದಕ್ಕೆ ಕಚ್ಚಿತು' ಅಂತ ಯಾರಾದರೂ ಹೇಳಿದರೆ ನಕ್ಕು ಸುಮ್ನಿರಿ.

ಇದು ಕಾನೂನಿಗೆ ವಿರುದ್ಧವಲ್ಲ. ಕಾನೂನು ಕೇಳುವುದು ಒಂದೇ: ಕೊಕ್ಕೆ ಬಾಯಿಯಲ್ಲಿರಬೇಕು. ಅಲಾಸ್ಕಾದ ಸಿಹಿನೀರಿನಲ್ಲಿ ಬೆನ್ನಿಗೆ, ಹೊಟ್ಟೆಗೆ, ಬಾಲಕ್ಕೆ ಸಿಕ್ಕಿದ ಮೀನನ್ನು ಕೂಡಲೇ ಬಿಡಬೇಕು. ನೀವು ಬಿಟ್ಟದ್ದು ಸರಿ. ಬೇಕೆಂದೇ ಎಳೆದು ಮೈಗೆ ಚುಚ್ಚುವುದು ಅಪರಾಧ. ನಡುವಿನ ಗೆರೆ ತೆಳ್ಳಗಿದೆ, ಒಪ್ಪುತ್ತೇನೆ. ನಾನು ನನಗೆ ಹೇಳಿಕೊಂಡಿರುವುದು ಇಷ್ಟು: ಸಾಕೈ ಹಿಡಿಯುವುದು ಅಡುಗೆಮನೆಗೆ. ಅದಕ್ಕೆ ಆಟ ಅಂತ ಹೆಸರಿಡುವುದಿಲ್ಲ, ಲೆಕ್ಕ ತುಂಬಿದ ಮೇಲೆ 'ಸುಮ್ನೆ ಹಿಡಿದು ಬಿಡೋಣ' ಅಂತ ನಿಲ್ಲುವುದೂ ಇಲ್ಲ. ಮಿತಿ ಒಬ್ಬರಿಗೆ ಸಾಮಾನ್ಯವಾಗಿ ದಿನಕ್ಕೆ ಮೂರು. ಮೀನು ಜಾಸ್ತಿ ಬಂದ ವರ್ಷ ಅಲಾಸ್ಕಾದ ಮೀನುಗಾರಿಕೆ ಇಲಾಖೆಯೇ ಆರಕ್ಕೆ ಏರಿಸುತ್ತದೆ. ಅಜ್ಜ ಮೂರು ಹಿಡಿದು ಮನೆಗೆ ಹೋದರಲ್ಲ, ಅವರು ನನಗೆ ಬಹಳ ಇಷ್ಟವಾದರು.

ಹಾಗಾದರೆ ಹೇಗೆ ಹಿಡಿಯಬೇಕು? ಎಂಟನೇ ನಂಬರಿನ ಕೋಲು, ತೇಲುವ ಲೈನ್ (ಫ್ಲೈ ಎಸೆಯುವ ದಪ್ಪ ದಾರ), ಅದರ ತುದಿಗೆ 20 ಪೌಂಡ್ ತಾಳುವ ಗಟ್ಟಿ ಲೀಡರ್ ದಾರ. ರಷ್ಯನ್ ರಿವರ್ ಭಾಗದಲ್ಲಿ ಸೀಸದ ಗುಂಡು ಫ್ಲೈಯಿಂದ ಕನಿಷ್ಠ 18 ಅಂಗುಲ ಮೇಲಿರಬೇಕು ಅನ್ನುವ ನಿಯಮವಿದೆ. ನಾನು ಮೂರು ಅಡಿ ಬಿಡುತ್ತೇನೆ. ಲೈನ್ ಜಾಸ್ತಿ ಹೊರಗೆ ಬಿಡಬೇಡಿ, ಕೋಲಿನ ಒಂದೂವರೆ ಪಟ್ಟು ಸಾಕು. ನೀರು ಎಡದಿಂದ ಬರುತ್ತಿದ್ದರೆ, ಗಡಿಯಾರದ ಹತ್ತು ಗಂಟೆಯ ದಿಕ್ಕಿಗೆ, ಸೆಳವಿನ ಮೇಲ್ಗಡೆಗೆ ಹಾಕಿ. ಗುಂಡು ತಳದ ಕಲ್ಲುಗಳ ಮೇಲೆ ಟಿಕ್, ಟಿಕ್, ಟಿಕ್ ಅಂತ ಬಡಿಯುತ್ತಾ ಬರಬೇಕು. ಎರಡು ಗಂಟೆಯ ಕಡೆಗೆ ಬಂದಾಗ ಕೋಲನ್ನು ದಡದ ಕಡೆಗೆ ಮೆಲ್ಲಗೆ ಸರಿಸಿ, ಮತ್ತೆ ಹಾಕಿ. ಬಡಿತವೇ ಇಲ್ಲ ಅಂದರೆ ಭಾರ ಕಡಿಮೆ. ಪ್ರತಿ ಸಲ ಸಿಕ್ಕಿಹಾಕಿಕೊಂಡರೆ ಭಾರ ಜಾಸ್ತಿ. ನಿಮಗೆ ಬರೀ ಕಲ್ಲು ಸಿಕ್ಕಿದ್ದಕ್ಕೆ ಇದೂ ಒಂದು ಕಾರಣ. ಫ್ಲೈಗಿಂತ ಈ ಗುಂಡಿನ ತೂಕ ಹೊಂದಿಸುವುದರಲ್ಲೇ ಮುಕ್ಕಾಲು ವಿದ್ಯೆ ಇದೆ. ಕೊನೆಗೆ ಜೋರಾಗಿ ಜಗ್ಗಬೇಡಿ. ಬೆನ್ನಿಗೆ ಚುಚ್ಚುವುದು ಆ ಜಗ್ಗಾಟದಿಂದಲೇ.

ರಷ್ಯನ್ ರಿವರ್ ಸೇರುವ ಕಡೆ ಮೆಜೆಸ್ಟಿಕ್ ಬಸ್ ಸ್ಟ್ಯಾಂಡಿನ ಹಾಗೆ ಜನ. ನದಿಯ ಸೆಳವಿನಿಂದಲೇ ಆಚೆ ದಡಕ್ಕೆ ಹೋಗುವ ಪುಟ್ಟ ದೋಣಿಯಲ್ಲಿ ಬೆಳಗಿನಿಂದ ರಾತ್ರಿವರೆಗೆ ಇಳಿಯುತ್ತಲೇ ಇರುತ್ತಾರೆ. ಹೆಗಲಿಗೆ ಹೆಗಲು ತಾಗಿಸಿ ನಿಂತಾಗ ಕೊಕ್ಕೆಗಳು ಗಾಳಿಯಲ್ಲಿ ಹಾರುತ್ತವೆ. ಕನ್ನಡಕ ಇಲ್ಲದೆ ಅಲ್ಲಿ ನಿಲ್ಲಲೇಬೇಡಿ. ತಂಪು ಕನ್ನಡಕವೋ, ಬರೀ ಗಾಜಿನದೋ, ಯಾವುದಾದರೂ ಸರಿ. ನಾನು ದೋಣಿ ನಡೆಸುತ್ತಿದ್ದಾಗ ಹುಬ್ಬಿಗೆ, ಕಿವಿಗೆ, ಒಮ್ಮೆ ರೆಪ್ಪೆಗೆ ಸಿಕ್ಕಿದ ಕೊಕ್ಕೆ ನೋಡಿದ್ದೇನೆ. ಮೀನು ಸಿಕ್ಕಿದ ಕೂಡಲೇ ಕೂಗಿ ಹೇಳಿ, ಪಕ್ಕದವರು ದಾರ ಎತ್ತಿಕೊಳ್ಳುತ್ತಾರೆ. ಇನ್ನು ಕರಡಿ. ಆ ಜಾಗ ಅವುಗಳದ್ದೂ ಹೌದು. ಹಿಡಿದ ಮೀನು, ಊಟದ ಚೀಲ ಎರಡೂ ಕೈಗೆಟುಕುವಷ್ಟು ಹತ್ತಿರ ಇರಲಿ. ಮರದ ಕೆಳಗೆ ಇಟ್ಟು ಬಂದರೆ ನೀವೇ ಕರಡಿಗೆ ಊಟ ಬಡಿಸಿದ ಹಾಗೆ. ಒಮ್ಮೆ ರುಚಿ ಕಂಡ ಕರಡಿ ಮತ್ತೆ ಮತ್ತೆ ಬರುತ್ತದೆ, ಕೊನೆಗೆ ಗುಂಡು ತಿನ್ನುವುದು ಅದೇ.

ದಡದ ಬಗ್ಗೆ ಇನ್ನೊಂದು ಮಾತು. ಸೊಲ್ಡಾಟ್ನಾದ ಪಾರ್ಕುಗಳಲ್ಲಿ ಕಬ್ಬಿಣದ ಜಾಲರಿಯ ನಡೆದಾರಿ, ನೀರಿಗಿಳಿಯಲು ಮೆಟ್ಟಿಲು ಇದ್ದವಲ್ಲ? ಅದು ನಿಮ್ಮ ಅನುಕೂಲಕ್ಕೆ ಅಂತ ತಿಳಿದಿರಿ ಅಲ್ವಾ? ಅಲ್ಲ. ಸಾಲ್ಮನ್ ಮರಿಗಳು ದಡದ ಹುಲ್ಲು, ಬೇರುಗಳ ನೆರಳಿನ ನಿಧಾನ ನೀರಿನಲ್ಲಿ ಬೆಳೆಯುತ್ತವೆ. ಸಾವಿರಾರು ಬೂಟುಗಳು ತುಳಿದರೆ ದಡ ಕುಸಿಯುತ್ತದೆ, ಮರಿಗಳಿಗೆ ಮನೆ ಇರುವುದಿಲ್ಲ. ಹಾಗಾಗಿ ಕೆಲವು ಕಡೆ ದಡದಿಂದ ಗಾಳ ಹಾಕುವುದಕ್ಕೇ ನಿಷೇಧ. ಫಲಕ ಓದಿ.

ಟ್ರೌಟ್ ವಿಷಯಕ್ಕೆ ಬರೋಣ. ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ಬೇಸರ ತಂದದ್ದು ಅದು.

ಹೊಟ್ಟೆ ಮೇಲಾಗಿ ತೇಲಿದ ಟ್ರೌಟ್ ಬದುಕಿರುವ ಸಾಧ್ಯತೆ ಕಡಿಮೆ. ಏನಾಯಿತು ಅಂತ ಊಹಿಸಬಲ್ಲೆ. ತೆಳು ದಾರ ಕಟ್ಟಿದ್ದಿರಿ, ಹೋರಾಟ ಹತ್ತು ಹದಿನೈದು ನಿಮಿಷ ಎಳೆಯಿತು. ಮೀನಿನ ಸ್ನಾಯುಗಳಲ್ಲಿ ಆಮ್ಲ ತುಂಬಿತು. ಮನುಷ್ಯ ಬೆಟ್ಟ ಓಡಿ ಹತ್ತಿದ ಹಾಗೆ. ಅಷ್ಟರಲ್ಲಿ ಫೋಟೋಗೆ ಅಂತ ಮೇಲೆತ್ತಿದಿರಿ. ಓಡಿ ಬಂದು ಏದುಸಿರು ಬಿಡುವವನ ಮೂಗು ಬಾಯಿ ಮುಚ್ಚಿದರೆ ಹೇಗಿರುತ್ತದೆ? 1992ರಲ್ಲಿ ಫರ್ಗ್ಯುಸನ್ ಮತ್ತು ಟಫ್ಟ್ಸ್ ಅನ್ನುವ ಇಬ್ಬರು ಕೆನಡಾದಲ್ಲಿ ರೇನ್‌ಬೋ ಟ್ರೌಟ್ ಮೇಲೆ ಇದನ್ನೇ ನೋಡಿದರು. ಸುಸ್ತಾಗುವವರೆಗೆ ಓಡಿಸಿ ಗಾಳಿಗೆ ತೆಗೆಯದೆ ಬಿಟ್ಟ ಮೀನುಗಳಲ್ಲಿ 12 ಶೇಕಡಾ ಸತ್ತವು. 30 ಸೆಕೆಂಡ್ ಗಾಳಿಯಲ್ಲಿಟ್ಟವುಗಳಲ್ಲಿ 38 ಶೇಕಡಾ. ಒಂದು ನಿಮಿಷ ಇಟ್ಟವುಗಳಲ್ಲಿ 72 ಶೇಕಡಾ. ಅದು ತೊಟ್ಟಿಯಲ್ಲಿ ಮಾಡಿದ ಪ್ರಯೋಗ, ಮೀನುಗಳಿಗೆ ಮೊದಲೇ ಬೇರೆ ಕಷ್ಟಗಳಿದ್ದವು. ತಣ್ಣನೆಯ ನದಿಯಲ್ಲಿ ಬೇಗ ಹಿಡಿದು ಬೇಗ ಬಿಟ್ಟರೆ ಅಷ್ಟು ಸಾಯುವುದಿಲ್ಲ. ಆದರೆ ಆ ಮೂರು ಸಂಖ್ಯೆ ನೋಡಿದ ಮೇಲೆ ನನ್ನ ದೋಣಿಯಲ್ಲಿ ಮೀನನ್ನು ಮೇಲೆತ್ತಿ ಫೋಟೋ ತೆಗೆಯುವುದನ್ನು ಬಂದ್ ಮಾಡಿದೆ. ಮೀನು ಬಲೆಯೊಳಗೆ, ನೀರಿನಲ್ಲೇ ಇರಲಿ. ಫೋಟೋ ಬೇಕೇ ಬೇಕಾದರೆ ನೀವು ಬಗ್ಗಿ.

ಕೈ ಒದ್ದೆ ಮಾಡಿಕೊಂಡೇ ಮುಟ್ಟಿ. ಒಣ ಕೈ, ಉಣ್ಣೆ ಗ್ಲೌಸ್ ಅದರ ಮೈಯ ಲೋಳೆ ಕಿತ್ತುಹಾಕುತ್ತವೆ, ಆಮೇಲೆ ಬೂಸ್ಟು ಹಿಡಿಯುತ್ತದೆ. ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಅಮುಕಿ ಚಪ್ಪಟೆ ಮಾಡಿ, ಬಿಡಿಸುವುದು ಎರಡು ಸೆಕೆಂಡಿನ ಕೆಲಸವಾಗುತ್ತದೆ. 10 ಪೌಂಡಿನ ದಾರ ಕಟ್ಟಿ ಬೇಗ ಹತ್ತಿರ ಎಳೆದುಕೊಳ್ಳಿ. ಬಿಡುವಾಗ ಮೀನಿನ ಮುಖ ನೀರು ಬರುವ ಕಡೆಗೆ ಮಾಡಿ, ನಿಧಾನ ಸೆಳವಿನಲ್ಲಿ ಬಾಲದ ಬುಡ ಹಿಡಿದು ನಿಲ್ಲಿ. ಹಿಂದೆ ಮುಂದೆ ಅಲ್ಲಾಡಿಸಬೇಡಿ, ಕಿವಿರಿಗೆ ನೀರು ಹಿಂದಿನಿಂದ ಹೋಗಬಾರದು. ಮೀನು ತಾನಾಗಿ ನಿಮ್ಮ ಕೈಯಿಂದ ಕೊಡವಿಕೊಂಡು ಹೋಗುವವರೆಗೆ ಕಾಯಿರಿ.

ನಿಮ್ಮ ಹೆಂಡತಿಯ ಪ್ರಶ್ನೆಗೆ ನುಣುಚಿಕೊಳ್ಳುವ ಉತ್ತರ ಕೊಡುವುದಿಲ್ಲ. ಮೀನಿಗೆ ನೋವಾಗುವುದಿಲ್ಲ ಅಂತ ಗಾಳದವರು ಹಿಂದಿನಿಂದ ಹೇಳಿಕೊಂಡು ಬಂದಿದ್ದಾರೆ. 2003ರಲ್ಲಿ ಲಿನ್ ಸ್ನೆಡನ್ ಮತ್ತು ಜೊತೆಯವರು ರೇನ್‌ಬೋ ಟ್ರೌಟ್‌ನ ತಲೆ, ಬಾಯಿಯ ಸುತ್ತ ಗಾಯವನ್ನು ಗುರುತಿಸುವ ನರಗಳಿವೆ ಅಂತ ತೋರಿಸಿದರು. ಮೀನು ಅದನ್ನು ನಮ್ಮ ಹಾಗೆ 'ನೋವು' ಅಂತ ಅನುಭವಿಸುತ್ತದಾ ಅನ್ನುವುದರಲ್ಲಿ ವಿಜ್ಞಾನಿಗಳ ಜಗಳ ಇನ್ನೂ ಇದೆ. ಆದರೆ ಏನೂ ಆಗುವುದಿಲ್ಲ ಅನ್ನುವ ಮಾತು ಈಗ ನಿಲ್ಲುವುದಿಲ್ಲ. ಇನ್ನೊಂದು ಕಡೆ, ಕೀನೈನ ದೊಡ್ಡ ಟ್ರೌಟ್‌ಗಳು ಉಳಿದಿರುವುದು ಅವನ್ನು ಬಿಡಲೇಬೇಕು ಅನ್ನುವ ನಿಯಮದಿಂದ, ಆ ನಿಯಮಕ್ಕೆ ಬೆನ್ನೆಲುಬಾಗಿ ನಿಂತದ್ದು ಗಾಳದವರೇ. ಎರಡೂ ನಿಜ. ಶೃಂಗೇರಿಯಲ್ಲಿ ತುಂಗೆಯ ಮೀನಿಗೆ ಮಂಡಕ್ಕಿ ಹಾಕಿ ಬೆಳೆದ ನಮ್ಮ ಕಡೆಯ ಜನರಿಗೆ ಇದು ಒಪ್ಪಿಗೆಯಾಗದಿದ್ದರೆ ನನಗೆ ಅಚ್ಚರಿಯಿಲ್ಲ. ನಿಮ್ಮ ಹೆಂಡತಿ ಹೇಳಿದ ಹಾಗೆ ತಿನ್ನುವಷ್ಟು ಸಾಕೈ ಹಿಡಿದು ಕೋಲು ಮಡಚಿಡುವುದು ಒಂದು ಗೌರವದ ದಾರಿ. ನಾನು ಟ್ರೌಟ್ ಹಿಡಿದು ಬಿಡುತ್ತೇನೆ, ಆದರೆ ದಿನಕ್ಕೆ ನಾಲ್ಕೈದು ಆದ ಮೇಲೆ ಸುಮ್ಮನೆ ಕೂತು ನದಿ ನೋಡುತ್ತೇನೆ. ವಯಸ್ಸಾಯಿತು ಅಂತಲೂ ಅನ್ನಬಹುದು.

ಇನ್ನು ನೀವು ಬಿದ್ದ ಕಥೆ. ವೇಡರ್ ತುಂಬಿದರೆ ಕಲ್ಲಿನ ಹಾಗೆ ಮುಳುಗುತ್ತೇವೆ ಅನ್ನುವುದು ಸುಳ್ಳು. ನೀರಿನೊಳಗೆ ನೀರಿಗೆ ತೂಕವಿಲ್ಲ. ತುಂಬಿದ ಕೊಡ ಬಾವಿಯೊಳಗೆ ಇರುವವರೆಗೆ ಹಗುರ, ನೀರಿನಿಂದ ಮೇಲೆ ಬಂದಾಗಲೇ ಅಲ್ವಾ ಹಗ್ಗ ಬಿಗಿಯುವುದು? ವೇಡರ್ ಕೂಡ ಹಾಗೆ. ದಡ ಹತ್ತುವಾಗ ಕಾಲು ಎತ್ತಲಾಗುವುದಿಲ್ಲ, ಅದು ನಿಜವಾದ ಕಷ್ಟ. ಕಾಲಿನಲ್ಲಿ ಗಾಳಿ ಸಿಕ್ಕಿ ತಲೆಕೆಳಗಾಗುತ್ತೇವೆ ಅನ್ನುವುದೂ ಕಟ್ಟುಕಥೆ. ಕೊಲ್ಲುವುದು ಚಳಿ. ಹಿಮನದಿಯಿಂದ ಬಂದ ನೀರು, ಬೇಸಿಗೆಯಲ್ಲೂ ಮೈ ಕೊರೆಯುವಷ್ಟು ತಣ್ಣಗೆ. ಬಿದ್ದ ಮೊದಲ ನಿಮಿಷ ಉಸಿರು ತಾನಾಗಿ ಒಳಗೆ ಎಳೆಯುತ್ತದೆ, ಆಗ ತಲೆ ನೀರಿನಲ್ಲಿದ್ದರೆ ಮುಗಿಯಿತು. ಸುಮಾರು ಹತ್ತು ನಿಮಿಷದಲ್ಲಿ ಬೆರಳು ಮಾತು ಕೇಳುವುದಿಲ್ಲ. ಮೈ ತಣ್ಣಗಾಗಿ ಪ್ರಜ್ಞೆ ತಪ್ಪುವುದಕ್ಕೆ ಇನ್ನೂ ಹೊತ್ತಿದೆ, ಆದರೆ ಅಷ್ಟರೊಳಗೆ ಸೆಳವು ನಿಮ್ಮನ್ನು ಎಲ್ಲಿಗೋ ಒಯ್ದಿರುತ್ತದೆ. ಸೊಂಟಕ್ಕೆ ಬೆಲ್ಟ್ ಬಿಗಿಯಾಗಿ ಕಟ್ಟಿ, ಒಳಗೆ ನೀರು ಬರುವುದು ನಿಧಾನವಾಗುತ್ತದೆ. ಬಿದ್ದರೆ ಎದ್ದು ನಿಲ್ಲಲು ಹೋಗಬೇಡಿ, ಕಲ್ಲಿನ ಸಂದಿಗೆ ಕಾಲು ಸಿಕ್ಕೀತು. ಬೆನ್ನ ಮೇಲೆ ಮಲಗಿ, ಪಾದ ಕೆಳಸೆಳವಿನ ಕಡೆ ಮಾಡಿ, ಕೈಯಿಂದ ದಡದ ಕಡೆ ಹುಟ್ಟು ಹಾಕಿ. ಗಾಳಿ ತುಂಬುವ ತೆಳು ಲೈಫ್ ಜಾಕೆಟ್ ಸಿಗುತ್ತದೆ, ಹಾಕಿಕೊಂಡದ್ದೇ ಮರೆತುಹೋಗುತ್ತದೆ. ಎಲ್ಲಕ್ಕಿಂತ ಸುಲಭದ್ದು ಮೊದಲೇ ಹೇಳಿದ್ದೇನೆ: ಮೊಣಕಾಲಿನ ಮೇಲೆ ನೀರು ಬರುವ ಕಡೆ ನಿಮಗೇನು ಕೆಲಸ?

ನೀರಿನ ಮಟ್ಟದ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಹಿಮನದಿಯ ಹೊಳೆ ಬೆಳಗ್ಗೆ ಇಳಿದಿರುತ್ತದೆ, ಮಧ್ಯಾಹ್ನ ಏರುತ್ತದೆ ಅಂತ. ಸಣ್ಣ ತೊರೆಗಳಲ್ಲಿ ನಿಜ. ಕೀನೈನಲ್ಲಿ ಸರೋವರಗಳು ಆ ಏರಿಳಿತವನ್ನು ನುಂಗಿಬಿಡುತ್ತವೆ. ಇಲ್ಲಿ ಲೆಕ್ಕ ಗಂಟೆಯದ್ದಲ್ಲ, ವಾರದ್ದು. ನಮ್ಮ ಹೊಳೆಗಳು ಮಳೆಗೆ ತುಂಬುತ್ತವೆ, ಇದು ಬಿಸಿಲಿಗೂ ತುಂಬುತ್ತದೆ. ನಾಲ್ಕು ದಿನ ಸೆಖೆ ಇದ್ದರೆ ಐದನೇ ದಿನ ನಿಮ್ಮ ಹಳೆಯ ಜಾಗ ಮುಳುಗಿರಬಹುದು. ಅದೂ ಅಲ್ಲದೆ, ಮೇಲೆ ಸ್ನೋ ನದಿಯ ಕಡೆ ಮಂಜುಗಡ್ಡೆಯ ಗೋಡೆ ಕಟ್ಟಿಕೊಂಡ ಒಂದು ಸರೋವರವಿದೆ. ಎರಡು ಮೂರು ವರ್ಷಕ್ಕೊಮ್ಮೆ ಮಂಜಿನ ಅಡಿಯಿಂದ ದಾರಿ ಮಾಡಿಕೊಂಡು ಖಾಲಿಯಾಗುತ್ತದೆ, ಒಂದು ಹನಿ ಮಳೆ ಇಲ್ಲದೆ ಕೀನೈ ಏರುತ್ತದೆ. ಕೂಪರ್ ಲ್ಯಾಂಡಿಂಗ್ ಮತ್ತು ಸೊಲ್ಡಾಟ್ನಾದಲ್ಲಿ ಸರ್ಕಾರಿ ಅಳತೆ ಕೇಂದ್ರಗಳಿವೆ. ಹೊರಡುವ ಬೆಳಗ್ಗೆ ಫೋನಿನಲ್ಲೇ ನೋಡಿಕೊಳ್ಳಬಹುದು.

ಯಾವಾಗ ಹೋಗಬೇಕು? ನಿಮಗೆ ಏನು ಬೇಕು ಅನ್ನುವುದರ ಮೇಲೆ ಹೋಗುತ್ತದೆ. ಫ್ರೀಜರ್ ತುಂಬಬೇಕು ಅಂದರೆ ಜುಲೈ 15ರಿಂದ ಕೊನೆಯವರೆಗೆ, ಸೊಲ್ಡಾಟ್ನಾ ಕಡೆ. ಇಲಾಖೆಯವರು ನದಿಯ 19ನೇ ಮೈಲಿಯಲ್ಲಿ ಸೋನಾರ್ (ಶಬ್ದದ ಅಲೆಯಿಂದ ಮೀನು ಗುರುತಿಸುವ ಯಂತ್ರ) ಇಟ್ಟು ದಿನಾ ಸಾಕೈ ಎಣಿಸಿ ಪ್ರಕಟಿಸುತ್ತಾರೆ. ದಿನ ಗೊತ್ತುಮಾಡುವಾಗ ಆ ಲೆಕ್ಕ ನೋಡಿ, ಗೆಳೆಯರ ವಾಟ್ಸ್ಆ್ಯಪ್ ಅಲ್ಲ. ಕಷ್ಟ ಏನೆಂದರೆ ಜನಜಂಗುಳಿ, ರೂಮಿಗೆ ದುಬಾರಿ, ಮತ್ತು ಮೀನು ಬರುವ ದಿನ ಯಾರ ಕೈಯಲ್ಲೂ ಇಲ್ಲ. ಹಿಡಿದದ್ದನ್ನು ಕೂಡಲೇ ಕಿವಿರು ಕತ್ತರಿಸಿ ರಕ್ತ ಹರಿಸಿ, ಮಂಜುಗಡ್ಡೆಗೆ ಹಾಕಿ. ಬೆಳ್ಳಿ ಬಣ್ಣದ್ದು ಚೆನ್ನ. ಮೈ ಕೆಂಪಾದ ಮೇಲೆ ಮಾಂಸ ಸಪ್ಪೆ, ಎಷ್ಟು ಹುಣಸೆಹುಳಿ ಹಿಂಡಿದರೂ ಸಾರು ಏಳುವುದಿಲ್ಲ.

ನಿಜವಾಗಿ ಫ್ಲೈ ಕಚ್ಚುವ ಮೀನು ಬೇಕು ಅಂದರೆ, ನಾನಾಗಿದ್ದರೆ ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್ ಆರಿಸಿಕೊಳ್ಳುತ್ತೇನೆ. ಆಗ ಸಾಲ್ಮನ್‌ಗಳು ಮೊಟ್ಟೆ ಇಡುತ್ತಿರುತ್ತವೆ. ಕಲ್ಲಿನ ಗೂಡಿನಿಂದ ತಪ್ಪಿಸಿಕೊಂಡ ಮೊಟ್ಟೆಗಳು ಸೆಳವಿನಲ್ಲಿ ಉರುಳುತ್ತವೆ. ಕೆಳಗೆ ರೇನ್‌ಬೋ, ಅದರ ದಾಯಾದಿ ಡಾಲಿ ವಾರ್ಡನ್‌ಗಳು ಪಂಕ್ತಿಗೆ ಕೂತ ಹಾಗೆ ಸಾಲಾಗಿ ಕಾಯುತ್ತವೆ. ಮೊಟ್ಟೆಯ ಹಾಗೆ ಕಾಣುವ ಪ್ಲಾಸ್ಟಿಕ್ ಮಣಿ ಕಟ್ಟಿ, ಸೆಳವಿನ ವೇಗದಲ್ಲೇ ತೇಲಲು ಬಿಡಬೇಕು. ಮಣಿ ಕೊಕ್ಕೆಯಿಂದ ಎರಡು ಅಂಗುಲದೊಳಗೆ ಇರಬೇಕು ಅಥವಾ ದಾರದ ಮೇಲೆ ಸಡಿಲವಾಗಿ ಓಡಾಡಬೇಕು, ಅದೂ ನಿಯಮ. ತುಂಬ ದೂರ ಕಟ್ಟಿದರೆ ಕೊಕ್ಕೆ ಕಣ್ಣಿಗೆ, ಕಿವಿರಿಗೆ ಚುಚ್ಚುತ್ತದೆ. ಮೊದಲು ಹೊಳೆಯುವ ಕಿತ್ತಳೆ ಬಣ್ಣ, ದಿನ ಕಳೆದಂತೆ ಸತ್ತ ಮೊಟ್ಟೆಯ ಮಾಸಲು ಕೆನೆ ಬಣ್ಣ. ಇನ್ನೂ ತಡವಾದರೆ ಸತ್ತ ಸಾಲ್ಮನ್‌ನ ಮಾಂಸದ ಚೂರಿನ ಹಾಗಿರುವ ಫ್ಲೈ. ಅದೇ ಹೊತ್ತಿಗೆ ಕೋಹೋ ಸಾಲ್ಮನ್ ಬರುತ್ತದೆ. ಅದು ಸಾಕೈ ಹಾಗಲ್ಲ, ಎಳೆಯುವ ಫ್ಲೈಯನ್ನು ಅಟ್ಟಿಸಿಕೊಂಡು ಬಂದು ಕಚ್ಚುತ್ತದೆ. ನಿಮ್ಮ ಗೆಳೆಯನ ಬಾಯಿ ಅಲ್ಲಿ ಮುಚ್ಚೀತು. ನಡೆಯುವಾಗ ಪಾಚಿಯಿಲ್ಲದೆ ತೊಳೆದ ಹಾಗೆ ಹೊಳೆಯುವ ಜಲ್ಲಿ ಕಂಡರೆ ಸುತ್ತು ಹಾಕಿ. ಅದು ಮೊಟ್ಟೆಯ ಗೂಡು.

ಈ ಕಾಲಕ್ಕೆ ಹೋದರೆ ಒಂದು ದಿನವಾದರೂ ಗೈಡ್ ಜೊತೆ ದೋಣಿಯಲ್ಲಿ ಹೋಗಿ. ದುಡ್ಡು ಉಳಿಸಲು ರಬ್ಬರ್ ದೋಣಿ ಬಾಡಿಗೆಗೆ ತೆಗೆದುಕೊಳ್ಳುವ ಯೋಚನೆ ಬಂದರೆ ಒಂದು ಹೆಸರು ನೆನಪಿಡಿ: ಜಿಮ್ಸ್ ಲ್ಯಾಂಡಿಂಗ್. ಮೇಲಿನ ಭಾಗದಲ್ಲಿ ಕಣಿವೆಗೆ ಮೊದಲು ಹೊರಬರುವ ಕೊನೆಯ ಜಾಗ ಅದು. ತಪ್ಪಿಸಿಕೊಂಡರೆ ಮುಂದೆ ಬಂಡೆಗಳ ನಡುವಿನ ಜೋರು ಸೆಳವು. ಅದನ್ನು ದಾಟಿದ ಮೇಲೆ ಸ್ಕೀಲ್ಯಾಕ್ ಸರೋವರ. ಗಾಳಿ ಎದ್ದರೆ ಅಲ್ಲಿ ಸಮುದ್ರದಂಥ ಅಲೆ, ಕೈಯಲ್ಲಿ ಬರೀ ಹುಟ್ಟು.

ಕಿಂಗ್ ಸಾಲ್ಮನ್ ಮರೆತುಬಿಡಿ. 1985ರ ಮೇ 17ರಂದು ಲೆಸ್ ಆ್ಯಂಡರ್ಸನ್ ಇದೇ ನದಿಯಲ್ಲಿ 97 ಪೌಂಡ್ 4 ಔನ್ಸಿನ ಕಿಂಗ್ ಹಿಡಿದಿದ್ದರು. ಗಾಳದಲ್ಲಿ ಅದಕ್ಕಿಂತ ದೊಡ್ಡದು ದಾಖಲೆಯಲ್ಲಿಲ್ಲ. ಈಗ ಸಂಖ್ಯೆ ಕುಸಿದು, ಈಚಿನ ವರ್ಷಗಳಲ್ಲಿ ಅದನ್ನು ಹಿಡಿಯುವುದನ್ನೇ ಮುಚ್ಚಿದ್ದಾರೆ. ಉಳಿದ ಮೀನಿನ ನಿಯಮಗಳೂ ಬೇಸಿಗೆಯ ಮಧ್ಯದಲ್ಲೇ ತುರ್ತು ಆದೇಶದಿಂದ ಬದಲಾಗುತ್ತವೆ. ಹಿಂದಿನ ರಾತ್ರಿ ಇಲಾಖೆಯ ಪುಟ ನೋಡಿಕೊಂಡೇ ಮಲಗಿ.

ಕೊನೆಗೆ ಆ ಬೂಟು. ಫೆಲ್ಟ್ ಅಡಿ ಜಾರುವುದಿಲ್ಲ, ಸರಿ. ಆದರೆ ಒಂದು ನದಿಯ ಪಾಚಿ, ರೋಗಾಣುಗಳನ್ನು ಹೀರಿಕೊಂಡು ಇನ್ನೊಂದು ನದಿಗೆ ಒಯ್ಯುತ್ತದೆ. ಅಲಾಸ್ಕಾದ ಸಿಹಿನೀರಿನಲ್ಲಿ ಗಾಳ ಹಾಕುವವರಿಗೆ ಅದು ನಿಷೇಧ. ಮನೆಯಲ್ಲೇ ಬಿಟ್ಟು, ಕಬ್ಬಿಣದ ಮೊಳೆ ಇರುವ ರಬ್ಬರ್ ಅಡಿಯದನ್ನು ತೆಗೆದುಕೊಂಡು ಹೋಗಿ.